ಅಮ್ಮನ ಎರಡು ನಿಮಿಷ

ಇಷ್ಟಕ್ಕೆಲ್ಲ ಕಾರಣವಾದ ವಸ್ತು ಅಂಗೈಯಲ್ಲಿ ಮುಚ್ಚಿಡುವಷ್ಟು ಸಣ್ಣದು: ಒಂದು ಹಳೆಯ ವಿಡಿಯೋ ಟೇಪು. ಅದರ ಬೆನ್ನಿನ ಮೇಲೆ ಮೀಟರಣ್ಣ ತನ್ನ ಕೈಯಾರೆ ‘ಅಮ್ಮ, ಎಪ್ಪತ್ತೈದು’ ಎಂದು ಬರೆದಿದ್ದ.

ಮೀಟರಣ್ಣ ಎಂದರೆ ನೀರಿನ ಮೀಟರು ಓದುವವನು. ಇಪ್ಪತ್ತೆರಡು ವರ್ಷದಿಂದ ಕಂಡವರ ಗೇಟು ತೆರೆದು, ಗುಂಡಿಯ ಮುಚ್ಚಳ ಎತ್ತಿ, ಮಂಡಿಯೂರಿ ಅಂಕಿ ಬರೆದುಕೊಂಡು, ಎದ್ದು ನಿಂತು ಬೈಗುಳ ತಿಂದು ಮುಂದಿನ ಮನೆಗೆ ಹೋಗುವುದು ಅವನ ಕೆಲಸ. ನೀರು ಬರದಿದ್ದರೂ ಅವನಿಗೇ ಬೈಗುಳ, ಬಂದರೂ ಅವನಿಗೇ. ಎಲ್ಲಕ್ಕೂ ಅವನದು ಒಂದೇ ಉತ್ತರ: “ಮೇಲಿನವರಿಗೆ ಹೇಳ್ತೀನಿ ಸಾರ್.” ಅದನ್ನಾದರೂ ಗಟ್ಟಿಯಾಗಿ ಹೇಳುತ್ತಿದ್ದನೇ? ಎದುರಿಗೆ ನಿಂತವರು “ಏನಂದ್ರಿ?” ಎಂದು ಎರಡು ಸಲ ಕೇಳಬೇಕು, ಅಂಥ ದನಿ.

ಇಂಥವನ ಮೇಲೆ ಅವನ ತಂಗಿ ಹೊರಿಸಿದ ಅಪವಾದ ಏನೆಂದರೆ, ಹಾಸಿಗೆ ಹಿಡಿದ ಅಮ್ಮನನ್ನು ಅವನು ಗದರಿಸಿ ಗದರಿಸಿಯೇ ಸಾಯಿಸಿದ ಎಂದು.

ಎಂಟು ವರ್ಷ ಅಮ್ಮನ ಮಂಚದ ಪಕ್ಕದಲ್ಲಿ ಚಾಪೆ ಹಾಸಿಕೊಂಡವನು ಅವನು. ಮದುವೆಯ ವಯಸ್ಸು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ತಂಗಿ ವರ್ಷಕ್ಕೊಂದು ಸಲ ಒಂದು ಚೀಲ ಹಣ್ಣು ಹಿಡಿದುಕೊಂಡು ಬರುವಳು. ಅಮ್ಮನ ತಲೆ ಸವರಿ, ಕಣ್ಣೊರೆಸಿಕೊಂಡು, ಕಾಫಿ ಲೋಟ ಆರುವುದರೊಳಗೆ ಹೊರಟುಬಿಡುವಳು. ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳಲ್ಲಿ ತಂಗಿ ನೆಂಟರ ಮನೆಗಳಿಗೆಲ್ಲ ಫೋನು ಹಚ್ಚಿ, “ನಮ್ಮಣ್ಣ ಹೊರಗೆ ಬೆಣ್ಣೆ, ಒಳಗೆ ಬೆಂಕಿ. ಅಮ್ಮ ಬಾಯಿ ಬಿಟ್ಟರೆ ಸಾಕು, ಬಾಯಿ ಮುಚ್ಚು ಅಂತಿದ್ದ” ಎಂದು ಹೇಳಿ ಮುಗಿಸಿದ್ದಳು. ಬಂದು ನೋಡಿಕೊಳ್ಳದವಳು ಏನಾದರೂ ಹೇಳಲೇಬೇಕಲ್ಲ, ಹೇಳಿದಳು. ನೆಂಟರೂ ನಂಬಿದರು. ಮಾತಾಡದವನ ಪರವಾಗಿ ಮಾತಾಡುವವರು ಯಾರು?

ಕೊನೆಗೆ ಚಿಕ್ಕಪ್ಪ ಫೋನು ಮಾಡಿದರು. ಮನೆತನದಲ್ಲಿ ಉಳಿದಿದ್ದ ಹಿರಿಯರು ಅವರೊಬ್ಬರೇ. ಅವರು ಹೂಂ ಅಂದರೆ ನೆಂಟರೆಲ್ಲ ಹೂಂ, ಅವರು ಉಹುಂ ಅಂದರೆ ಎಲ್ಲರೂ ಉಹುಂ.

“ನಿನ್ನ ಹತ್ರ ಹೇಳೋಕೆ ಏನಾದ್ರೂ ಇದೆಯೇನೋ?”

“ಇದೆ ಚಿಕ್ಕಪ್ಪ. ಅಮ್ಮನೇ ಹೇಳಿದ್ದು ಇದೆ. ವಿಡಿಯೋದಲ್ಲಿ.”

“ಏನಂದೆ? ಗಟ್ಟಿಯಾಗಿ ಹೇಳು.”

“ವಿಡಿಯೋದಲ್ಲಿ!”

“ಭಾನುವಾರ ನಾಲ್ಕು ಗಂಟೆಗೆ ನಿನ್ನ ತಂಗೀನೂ ಕರ್ಕೊಂಡು ಬರ್ತೀನಿ. ತೋರಿಸು.”

ಆರು ವರ್ಷದ ಹಿಂದೆ, ಅಮ್ಮನಿಗೆ ಎಪ್ಪತ್ತೈದು ತುಂಬಿದ ದಿನ, ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡ ಕ್ಯಾಮ್‌ಕಾರ್ಡರಿನಲ್ಲಿ ಅವನೇ ತೆಗೆದ ಚಿತ್ರ ಅದು. ಅಮ್ಮ ದಿಂಬಿಗೆ ಒರಗಿ ಕೂತು ಮಗನ ಬಗ್ಗೆ ಎರಡು ನಿಮಿಷ ಮಾತಾಡಿದ್ದಳು. ಏನೆಂದಳು ಎಂಬುದು ಅವನಿಗೆ ಅಕ್ಷರಶಃ ನೆನಪಿರಲಿಲ್ಲ. ಒಳ್ಳೆಯದನ್ನೇ ಅಂದಳು ಎಂಬುದು ಮಾತ್ರ ನೆನಪಿತ್ತು. ಆದರೆ ಕ್ಯಾಮೆರಾದ ಪರದೆ ಬೆಂಕಿಪೊಟ್ಟಣದಷ್ಟು, ಚಿಕ್ಕಪ್ಪನ ಕಣ್ಣಿಗೆ ಎದುರಿಗಿದ್ದ ಬಾಗಿಲೇ ಕಾಣುವುದಿಲ್ಲ. ಅದಕ್ಕೇ ಭಾನುವಾರ ಮಧ್ಯಾಹ್ನ ಅವನು ಟೇಪನ್ನು ಕಂಪ್ಯೂಟರಿಗೆ ಹಾಕಿಸಲು ರೇಡಿಯೋ ಮಾಸ್ತರರನ್ನು ಕರೆತಂದ.

ಮಾಸ್ತರರು ಬೀದಿಯ ತುದಿಯಲ್ಲಿ ರಿಪೇರಿ ಅಂಗಡಿ ಇಟ್ಟವರು. ರೇಡಿಯೋ ಕಾಲ ಮುಗಿದ ಮೇಲೂ ಹೆಸರು ಉಳಿದಿತ್ತು, ಗತ್ತೂ ಉಳಿದಿತ್ತು. ಕಂಕುಳಲ್ಲಿ ಒಂದು ಹಳೆಯ ಲ್ಯಾಪ್‌ಟಾಪು, ಜೇಬಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಒಂದು ಡಬ್ಬಿ, ಕೊರಳಲ್ಲಿ ಹಳದಿ ಬಿಳಿ ಕೆಂಪು ತಂತಿ ಹಾಕಿಕೊಂಡು ಅವರು ಡಾಕ್ಟರರಂತೆ ಬಂದರು. ಟೇಪನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ತಲೆ ಆಡಿಸಿದರು.

“ಜೀವ ಇಲ್ಲ ಮೀಟರಣ್ಣ. ಒಂದು ಸಲ ಓಡುತ್ತೆ, ಹೆಚ್ಚಂದ್ರೆ ಎರಡು ಸಲ. ಆಮೇಲೆ ನಾನು ಜವಾಬ್ದಾರ ಅಲ್ಲ.”

“ಕೊನೇ ಹತ್ತು ನಿಮಿಷ ಸಾಕು ಮಾಸ್ತರೇ. ಮುಂದಕ್ಕೆ ಓಡಿಸಿ...”

“ಓಡಿಸಿದ್ರೆ ಹರಿಯುತ್ತೆ! ಮೊದಲಿಂದ ನಿಧಾನಕ್ಕೆ ನಡೆಸಬೇಕು. ಒಂದು ಗಂಟೆ ಟೇಪಿಗೆ ಒಂದು ಗಂಟೆ. ಇದೇನು ಸಾರು ಬಗ್ಗಿಸಿದ ಹಾಗಾ, ಒಂದರಿಂದ ಇನ್ನೊಂದಕ್ಕೆ ಸುರಿಯೋಕೆ?”

ಒಂದು ಗಂಟೆ ಪುಕ್ಕಟೆ ವಿಡಿಯೋ ಇದೆ ಎಂಬ ಸುದ್ದಿ ಗೋಡೆ ದಾಟಲು ಎಷ್ಟು ಹೊತ್ತು? ಮಹಡಿಯಿಂದ ಮನೆ ಯಜಮಾನರು ಇಳಿದು ಬಂದು ಇದ್ದ ಒಂದೇ ಒರಗುವ ಕುರ್ಚಿಯಲ್ಲಿ ಕೂತರು. ಬಾಡಿಗೆ ಮನೆಯ ಕುರ್ಚಿಯೂ ತಮ್ಮದೇ ಎಂಬುದು ಅವರ ಭಾವನೆ. ಎದುರುಮನೆಯ ಟೈಲರಕ್ಕ ಅರ್ಧ ಹೊಲಿದ ರವಿಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಗುಂಡಿ ಹಚ್ಚುತ್ತ ಬಾಗಿಲ ಬಳಿ ಕೂತಳು.

“ಕರೆದೇ ಇಲ್ಲವಲ್ಲ ಮೀಟರಣ್ಣ. ನಿಮ್ಮಮ್ಮ ಇದ್ದಿದ್ರೆ ಕರೀತಿದ್ರು.”

“ಬನ್ನಿ, ಕೂತ್ಕೊಳ್ಳಿ,” ಎಂದ ಮೀಟರಣ್ಣ, ಬಂದು ಕೂತವರಿಗೆ.

ಮಾಸ್ತರರು ತಂತಿಗಳಿಂದ ಕ್ಯಾಮೆರಾವನ್ನು ಡಬ್ಬಿಗೂ, ಡಬ್ಬಿಯನ್ನು ಲ್ಯಾಪ್‌ಟಾಪಿಗೂ ಸಿಕ್ಕಿಸಿದರು. ಹಳದಿ ಚಿತ್ರಕ್ಕೆ, ಬಿಳಿ ಕೆಂಪು ಶಬ್ದಕ್ಕೆ. ಲ್ಯಾಪ್‌ಟಾಪು ಎದ್ದು ಕೂತು ಒಂದು ಪ್ರಶ್ನೆ ಕೇಳಿತು: ಶಬ್ದವನ್ನು ಎಲ್ಲಿಂದ ತೆಗೆದುಕೊಳ್ಳಲಿ? ಕೆಳಗೆ ಎರಡು ಹೆಸರು. ಒಂದು ‘ಮೈಕ್’. ಇನ್ನೊಂದು ಅಂಕಿ ಅಕ್ಷರ ಬೆರೆತ, ರೈಲುಗಾಡಿಯಷ್ಟು ಉದ್ದದ ಹೆಸರು.

“ಇದು ಯಾವುದು ಮಾಸ್ತರೇ, ಉದ್ದ ಇರೋದು?”

“ಅದು ಸುಮ್ನೆ ಕಂಪನಿಯವರ ಹೆಸರು. ನೀನು ಯೋಚನೆ ಮಾಡು. ನಿಮ್ಮಮ್ಮನ ಮಾತು ಕ್ಯಾಮೆರಾದೊಳಗೆ ಎಲ್ಲಿಂದ ಹೋಯ್ತು? ಮೈಕಿನಿಂದ. ಅಂದ್ಮೇಲೆ ಎಲ್ಲಿಂದ ಬರಬೇಕು? ಮೈಕಿನಿಂದ.” ಮೈಕನ್ನು ಒತ್ತಿದರು. ಯಜಮಾನರು “ಸರಿಯಾಗಿದೆ, ಲೆಕ್ಕ ಅಂದ್ರೆ ಇದು” ಎಂದರು. ಅವರು ಎಲ್ಲದಕ್ಕೂ ಕೊನೆಯ ಮಾತು ಹೇಳುವವರು, ಗೊತ್ತಿರುವುದಕ್ಕೂ, ಗೊತ್ತಿಲ್ಲದ್ದಕ್ಕೂ.

ಟೇಪು ತಿರುಗಿತು. ಪರದೆಯ ಮೇಲೆ ಆರು ವರ್ಷ ಹಿಂದಿನ ಬೀದಿ ಬಂತು. ಲ್ಯಾಪ್‌ಟಾಪಿನ ಸ್ಪೀಕರು ಸತ್ತು ವರ್ಷವಾಗಿತ್ತು. ಕ್ಯಾಮೆರಾದ ಹೊಟ್ಟೆಯಲ್ಲಿದ್ದ ಪುಟ್ಟ ಸ್ಪೀಕರಿನಿಂದ ಮಾತ್ರ ಸೊಳ್ಳೆ ಹಾಡಿದಂತೆ ಸದ್ದು ಬರುತ್ತಿತ್ತು.

“ಅಯ್ಯೋ, ನಾನು! ಎಷ್ಟು ತೆಳ್ಳಗಿದ್ದೆ!” ಎಂದಳು ಟೈಲರಕ್ಕ.

“ಕ್ಯಾಮೆರಾ ದೂರ ಇತ್ತು,” ಎಂದರು ಯಜಮಾನರು.

ಹೀಗೆ ಹನ್ನೆರಡು ನಿಮಿಷ ಎಲ್ಲರೂ ತಮ್ಮ ತಮ್ಮ ಹಳೆಯ ಮುಖ ನೋಡಿ ಸಂತೋಷಪಟ್ಟರು. ಹದಿಮೂರನೆಯ ನಿಮಿಷಕ್ಕೆ ಮೀಟರಣ್ಣ ಕೇಳಿದ: “ಮಾಸ್ತರೇ, ರೆಕಾರ್ಡ್ ಆಗೋವಾಗ ಆ ಕೆಂಪು ಚುಕ್ಕೆ ಹೊತ್ತಿಕೊಳ್ಳಬೇಕಲ್ಲವಾ?”

ಮಾಸ್ತರರು ನೋಡಿದರು. ಹೊತ್ತಿರಲಿಲ್ಲ. ಟೇಪು ಓಡುತ್ತಿತ್ತು, ಲ್ಯಾಪ್‌ಟಾಪು ಎಲ್ಲರ ಹಾಗೆ ಸುಮ್ಮನೆ ನೋಡುತ್ತಿತ್ತು, ಒಂದನ್ನೂ ಒಳಗಿಟ್ಟುಕೊಂಡಿರಲಿಲ್ಲ.

“ಟ್ರಯಲ್ ನೋಡ್ದೆ,” ಎಂದರು ಮಾಸ್ತರರು, ಕಣ್ಣು ಮಿಟುಕಿಸದೆ. ಟೇಪು ಹಿಂದಕ್ಕೆ ಸುತ್ತುವಾಗ ಕೊರಕೊರ ಎಂದಿತು. ಮೀಟರಣ್ಣ ಗಡಿಯಾರ ನೋಡಿದ. ಗಂಟೆ ಎರಡು ದಾಟಿತ್ತು. ಈ ಸಲ ಕೆಂಪು ಚುಕ್ಕೆ ಹೊತ್ತಿದ್ದನ್ನು ನಾಲ್ವರೂ ಬೆರಳು ತೋರಿಸಿ ಖಚಿತಪಡಿಸಿಕೊಂಡರು.

ನೋಡಿದ್ದನ್ನೇ ಮತ್ತೆ ನೋಡಬೇಕಾದಾಗ ಜನರ ಬಾಯಿ ಸಡಿಲವಾಗುತ್ತದೆ. ಯಜಮಾನರು ಮಾಸ್ತರರ ಹಳೆಯ ರಿಪೇರಿಗಳ ಕತೆ ತೆಗೆದರು, ಮಾಸ್ತರರು ಯಜಮಾನರ ನಲ್ಲಿಗಳ ಕತೆ ತೆಗೆದರು, ಟೈಲರಕ್ಕ ಎರಡಕ್ಕೂ ಗುಂಡಿ ಹಚ್ಚಿದಳು. ಮೀಟರಣ್ಣ ನಡುನಡುವೆ “ಸ್ವಲ್ಪ ಮೆಲ್ಲಗೆ...” ಎಂದ. ಯಾರಿಗೂ ಕೇಳಿಸಲಿಲ್ಲ. ಅವನ ಮಾತು ಯಾರಿಗೆ ಯಾವಾಗ ಕೇಳಿಸಿತ್ತು?

ಮೂರು ಗಂಟೆಗೆ, ಅಮ್ಮನ ಭಾಗ ಇನ್ನೇನು ಬರಬೇಕು ಎನ್ನುವಾಗ, ಪರದೆಯ ಮೇಲೆ ಯಜಮಾನರ ತಾರಸಿ ಬಂತು. ಆ ದಿನ ಮೀಟರಣ್ಣ ಕ್ಯಾಮೆರಾ ಕೈಗೆ ಕೂರಿಸಿಕೊಳ್ಳಲೆಂದು ಮನೆಯ ಸುತ್ತ ತಿರುಗಿಸಿದ್ದ. ಒಣಗಿದ ಬಟ್ಟೆ, ನೀರಿನ ತೊಟ್ಟಿ, ತೊಟ್ಟಿಯ ನೆರಳಿನಲ್ಲಿ ಒಂದು ಮಡಚುವ ಕುರ್ಚಿ. ಹಸಿರು ಬಣ್ಣ, ಒಂದು ಕಾಲಿಗೆ ಬಿಳಿ ಪಟ್ಟಿ.

ಟೈಲರಕ್ಕನ ಸೂಜಿ ನಿಂತಿತು.

“ಅದು ನನ್ನ ಕುರ್ಚಿ.”

“ಯಾವ ಕುರ್ಚಿ?” ಎಂದರು ಯಜಮಾನರು.

“ಅದೇ, ಕಾಲಿಗೆ ಪಟ್ಟಿ ಸುತ್ತಿರೋದು! ನಾನೇ ಸುತ್ತಿದ್ದು! ಆರು ವರ್ಷದಿಂದ ಹುಡುಕ್ತಿದೀನಿ, ಪಾಪ ಹಾಲಿನವನ ಮೇಲೆ ಅನುಮಾನಪಟ್ಟು ಹಾಲೇ ಬಿಡಿಸಿದೆ. ನೀವೂ ಜೊತೇಲಿ ನಿಂತು ‘ಹಾಲಿನವನೇ ಇರಬೇಕು’ ಅಂದ್ರಲ್ಲ!”

“ಹಸಿರು ಕುರ್ಚಿ ಲೋಕದಲ್ಲಿ ಒಂದೇನಾ ಇರೋದು?”

“ಬಿಳಿ ಪಟ್ಟಿ?”

“ಪಟ್ಟೀನೂ ಲೋಕದಲ್ಲಿ ಒಂದೇನಾ?”

“ತಡೀರಿ, ನಿಲ್ಲಿಸಿ ದೊಡ್ಡದು ಮಾಡಿ ನೋಡೋಣ,” ಎಂದು ಮಾಸ್ತರರು ಉರಿಗೆ ಎಣ್ಣೆ ಹೊಯ್ದರು.

“ನಿಲ್ಲಿಸಬೇಡಿ!” ಎಂದ ಮೀಟರಣ್ಣ. ಕೇಳಿಸಲಿಲ್ಲ. ಮೂವರೂ ಎದ್ದು ನಿಂತಿದ್ದರು. ಕುರ್ಚಿಯಿಂದ ಗೋಡೆಗೆ, ಗೋಡೆಯಿಂದ ಚರಂಡಿಗೆ, ಚರಂಡಿಯಿಂದ ಟೈಲರಕ್ಕನ ಗಂಡನಿಗೆ ಜಗಳ ಸರಸರನೆ ಹಬ್ಬಿತು. ಅಷ್ಟರಲ್ಲಿ ಪರದೆಯ ಮೇಲೆ ಕೋಣೆ ಬಂತು, ಮಂಚ ಬಂತು, ದಿಂಬಿಗೆ ಒರಗಿದ ಅಮ್ಮ ಬಂದಳು. ಅಮ್ಮ ತಲೆ ಎತ್ತಿ, ಕ್ಯಾಮೆರಾ ಹಿಡಿದ ಮಗನನ್ನು ನೋಡಿ, ಬಾಯಿ ತೆರೆದಳು. ಮೂವರೂ ಮುಂದಿನ ಬೈಗುಳಕ್ಕೆ ಒಟ್ಟಿಗೆ ಉಸಿರೆಳೆದುಕೊಂಡರು, ಇನ್ನೇನು ಸೊಳ್ಳೆಯ ಸದ್ದು ಜಗಳದಲ್ಲಿ ಮುಳುಗಿಹೋಗಬೇಕು.

ಮೀಟರಣ್ಣನಿಗೆ ನಲವತ್ತಾರು ವರ್ಷ. ಆ ನಲವತ್ತಾರು ವರ್ಷದಲ್ಲಿ ಬಳಸದೆ ಉಳಿಸಿಟ್ಟಿದ್ದ ದನಿಯೆಲ್ಲ ಒಟ್ಟಿಗೆ ಹೊರಗೆ ಬಂತು.

“ಸಾಕು! ಇನ್ನೊಂದು ಮಾತು ಬೇಡ! ಬೆಳಗಾದ್ರೆ ಒಂದೇ ಗೋಳು! ಬಾಯಿಗೆ ಬೀಗ ಇಲ್ವಾ?”

ಟೈಲರಕ್ಕನ ಕೈಯಿಂದ ರವಿಕೆ ಜಾರಿತು. ಯಜಮಾನರು ಎತ್ತಿದ ಬೆರಳನ್ನು ಎತ್ತಿದಲ್ಲೇ ಮರೆತರು. ಮೀಟರಣ್ಣ ತಂತಿ ಸಮೇತ ಕ್ಯಾಮೆರಾವನ್ನು ಎತ್ತಿಕೊಂಡು ಅದರ ಸ್ಪೀಕರನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಆಗ ಕೇಳಿಸಿತು, ಅವನೊಬ್ಬನಿಗೇ, ಆರು ವರ್ಷದಾಚೆಯಿಂದ:

“ನನ್ನ ಮಗ ಕಣೋ ನೀನು. ನಿನ್ನ ತಂಗಿ ಏನಾದ್ರೂ ಅಂದ್ಕೊಳ್ಲಿ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ನನ್ನೆದುರು ದನಿ ಎತ್ತಿಲ್ಲ ನೀನು. ನಾನೇ ಎಷ್ಟು ಸಲ ಬೈದಿದೀನಿ, ತಿರುಗಿ ಒಂದು ಮಾತು ಆಡಿಲ್ಲ...”

ಅಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಮೀಟರಣ್ಣನೂ ಒರೆಸಿಕೊಂಡ. ಎರಡು ನಿಮಿಷ ಆ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಆಮೇಲೆ ಕ್ಯಾಮೆರಾ ಒಮ್ಮೆ ಕೆಮ್ಮಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಕೊಸರಾಡಿ ನಿಂತಿತು. ಮುಚ್ಚಳ ತೆಗೆದರೆ ಟೇಪು ಗಾಲಿಗಳಿಗೆಲ್ಲ ಸುತ್ತಿಕೊಂಡು ಮೂರು ಕಡೆ ಹರಿದಿತ್ತು. ಮಾಸ್ತರರು ಕರಿಯ ಎಳೆಯನ್ನು ಎತ್ತಿ ತೋರಿಸಿ, “ಇದರ ಕೆಲಸ ಮುಗೀತು. ಚಿಂತೆ ಬೇಡ, ಎಲ್ಲಾ ಒಳಗೆ ಬಂದಿದೆ” ಎಂದು ಲ್ಯಾಪ್‌ಟಾಪನ್ನು ತಟ್ಟಿದರು.

ಟೈಲರಕ್ಕ ಮುಖ ಉಬ್ಬಿಸಿಕೊಂಡು ಎದ್ದುಹೋದಳು. ಉಳಿದದ್ದು ಕತ್ತರಿಸುವ ಕೆಲಸ. ಲ್ಯಾಪ್‌ಟಾಪಿನ ಹೊಟ್ಟೆ ತುಂಬಿತ್ತು. ಬೇಡದ್ದನ್ನು ಅಳಿಸದೆ ಬೇಕಾದ್ದನ್ನು ಉಳಿಸುವುದಿಲ್ಲ ಎಂದು ಹಟ ಹಿಡಿಯಿತು. ಸ್ಪೀಕರು ಇಲ್ಲದ್ದರಿಂದ ಮೀಟರಣ್ಣ ಚಿತ್ರ ನೋಡಿಯೇ ಗುರುತು ಹಾಕಿದ: ಅಮ್ಮ ತಲೆ ಎತ್ತಿ ಬಾಯಿ ತೆರೆಯುವಲ್ಲಿ ಶುರು, ಕಣ್ಣೊರೆಸಿಕೊಳ್ಳುವಲ್ಲಿ ಕೊನೆ.

“ಮೊದಲು ಆ ತಾರಸಿ ತುಂಡು ತೆಗಿ,” ಎಂದರು ಯಜಮಾನರು, ಬೆನ್ನ ಹಿಂದೆ ನಿಂತು. “ಯಾರೂ ವಾಪಸ್ ತರದ ಹಾಗೆ ತೆಗಿ.”

“ಅದು ಇದ್ದರೆ ಏನು ತೊಂದರೆ ಸಾರ್...”

“ಏನಂದೆ?”

“ಏನಿಲ್ಲ ಸಾರ್.” ಅಳಿಸಿದ. ಐವತ್ತು ಚಿಲ್ಲರೆ ನಿಮಿಷ ಒಂದೇ ಒತ್ತಿಗೆ ಹೋಯಿತು. ಮಾಸ್ತರರು ಸ್ಪೀಕರ್ ಪೆಟ್ಟಿಗೆ ತರಲು ಅಂಗಡಿಗೆ ಓಡಿದರು. ಅವರು ಏದುಸಿರು ಬಿಡುತ್ತ ಹಿಂದಿರುಗುವ ಹೊತ್ತಿಗೆ ಚಿಕ್ಕಪ್ಪನೂ ತಂಗಿಯೂ ಹೊಸ್ತಿಲಲ್ಲಿದ್ದರು. ಅವರ ಬೆನ್ನಿಗೇ ಟೈಲರಕ್ಕ. ಕುರ್ಚಿಯ ವಿಷಯ ಅವಳಿಗಿನ್ನೂ ಮುಗಿದಿರಲಿಲ್ಲ.

“ಹೇಗಿದೀಯಾ ಅಣ್ಣ? ಬಡವಾಗಿದೀಯ,” ಎಂದಳು ತಂಗಿ, ಸಕ್ಕರೆಯಂಥ ದನಿಯಲ್ಲಿ.

“ಕೂತ್ಕೊ. ನೋಡು. ನೋಡಿದ ಮೇಲೆ ಮಾತಾಡು,” ಎಂದ ಮೀಟರಣ್ಣ. ಎಂಟು ತಿಂಗಳಲ್ಲಿ ಮೊದಲ ಸಲ ಅವನ ಬೆನ್ನು ನೆಟ್ಟಗಿತ್ತು. ಚಿಕ್ಕಪ್ಪನನ್ನು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂರಿಸಿ, ಸ್ಪೀಕರಿನ ಗುಂಡಿಯನ್ನು ಕೊನೆಯ ತನಕ ತಿರುಗಿಸಿ, ಒತ್ತಿದ.

ಅಮ್ಮ ಬಂದಳು. ತಲೆ ಎತ್ತಿ ಮಗನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು.

“ಸಾಕು! ಇನ್ನೊಂದು ಮಾತು ಬೇಡ! ಬೆಳಗಾದ್ರೆ ಒಂದೇ ಗೋಳು! ಬಾಯಿಗೆ ಬೀಗ ಇಲ್ವಾ?” ಎಂದು ಮೀಟರಣ್ಣನ ದನಿ ಎರಡು ಪೆಟ್ಟಿಗೆಗಳಿಂದ ಗುಡುಗಿತು.

ಆಮೇಲೆ ಸ್ಮಶಾನಮೌನ. ಅಮ್ಮನ ತುಟಿಗಳು ಸದ್ದಿಲ್ಲದೆ ಅಲುಗಿದವು, ಬೇಡಿಕೊಳ್ಳುವಂತೆ. ಅಲುಗಿದವು, ನಿಂತವು, ಮತ್ತೆ ಅಲುಗಿದವು. ಕೊನೆಗೆ ಅಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಚಿತ್ರ ನಿಂತಿತು.

ಉದ್ದ ಹೆಸರಿನ ಆ ಡಬ್ಬಿಯ ಮೂಲಕ ತಂತಿಯಲ್ಲಿ ಬಂದ ಅಮ್ಮನ ಮಾತನ್ನು ಲ್ಯಾಪ್‌ಟಾಪು ಮುಟ್ಟಿಯೇ ಇರಲಿಲ್ಲ. ಅದು ತನ್ನದೇ ಮೈಕಿನಿಂದ ಮಧ್ಯಾಹ್ನವೆಲ್ಲ ಈ ಕೋಣೆಯನ್ನು ಕೇಳುತ್ತ ಕೂತಿತ್ತು.

ತಂಗಿ ಮುಖ ಮುಚ್ಚಿಕೊಂಡು ಅತ್ತಳು. ಈ ಸಲ ನಿಜವಾಗಿಯೇ ಅತ್ತಳು. ಪಾಪ, ಅವಳಿಗೂ ಇಷ್ಟು ದಿನ ತಾನು ಹೇಳುತ್ತಿದ್ದುದರ ಮೇಲೆ ಪೂರ್ತಿ ನಂಬಿಕೆ ಇದ್ದಿರಲಿಕ್ಕಿಲ್ಲ.

“ಅದು ಅಮ್ಮನಿಗೆ ಅಂದಿದ್ದಲ್ಲ ಚಿಕ್ಕಪ್ಪ! ಇವತ್ತು, ಈಗ, ಮೂರು ಗಂಟೆಗೆ ಅಂದಿದ್ದು! ಇವರಿಗೆ ಅಂದಿದ್ದು!”

ಚಿಕ್ಕಪ್ಪ ನಿಧಾನವಾಗಿ ತಿರುಗಿದರು. “ಯಾರಿಗಪ್ಪಾ?”

“ಇವರಿಗೆ! ಮೂವರಿಗೂ! ಹೇಳಿ ಸಾರ್!”

ಯಜಮಾನರು ಟೈಲರಕ್ಕನನ್ನು ನೋಡಿದರು. ಟೈಲರಕ್ಕ ಯಜಮಾನರನ್ನು ನೋಡಿದಳು.

“ನನಗಾ?” ಎಂದರು ಯಜಮಾನರು. “ನನ್ನ ಮನೇಲಿ ಬಾಡಿಗೆಗಿದ್ದುಕೊಂಡು ನನಗೇ ಬಾಯಿಗೆ ಬೀಗ ಹಾಕು ಅನ್ನೋ ಧೈರ್ಯ ಯಾರಿಗಿದೆ? ನನಗಂತೂ ಯಾರೂ ಹಾಗಂದಿಲ್ಲ. ಅಂದಿದ್ರೆ ಇಷ್ಟೊತ್ತಿಗೆ ಈ ಮನೆ ಖಾಲಿ ಆಗಿರ್ತಿತ್ತು.”

“ಟೈಲರಕ್ಕ, ನೀವಾದ್ರೂ...”

“ನನಗೆ ಅಂದ್ರಾ ಮೀಟರಣ್ಣ?” ಅವಳ ಹುಬ್ಬು ಮೇಲೇರಿತು. “ಕಟ್ಟಿಕೊಂಡ ಗಂಡನೇ ನನಗೆ ಅಂಥ ಮಾತು ಆಡಿಲ್ಲ. ನೆಂಟರೆದುರಿಗೆ ಹೇಳಿ, ನನಗೆ ಅಂದ್ರಾ?”

“ಮಾಸ್ತರೇ! ಆ ಮೈಕು! ನೀವೇ ಒತ್ತಿದ್ದು!”

ಮಾಸ್ತರರಿಗೆ ಅಷ್ಟು ಹೊತ್ತಿಗಾಗಲೇ ಎಲ್ಲ ಅರ್ಥವಾಗಿತ್ತು. ಆದರೆ ಬಾಗಿಲಲ್ಲಿ ಯಜಮಾನರಿದ್ದರು, ಟೈಲರಕ್ಕ ಇದ್ದಳು, ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಅವರು ತಂತಿಗಳನ್ನು ಒಂದೊಂದಾಗಿ ಸುತ್ತಿಡುತ್ತ, “ತಂತಿ ನಾನು ಸರಿಯಾಗೇ ಹಾಕಿದೀನಿ. ಮಿಕ್ಕಿದ್ದು ನನಗೆ ಗೊತ್ತಿಲ್ಲ. ಒಂದು ಮಾತು ಹೇಳ್ತೀನಿ, ಯಂತ್ರಕ್ಕೆ ಸುಳ್ಳು ಹೇಳೋಕೆ ಬರಲ್ಲ” ಎಂದರು.

ಚಿಕ್ಕಪ್ಪ ಕೋಲು ಊರಿ ಎದ್ದರು.

“ನೋಡಪ್ಪ, ನಿನ್ನ ತಂಗಿ ಹೇಳಿದ್ದನ್ನ ನಾನು ಪೂರ್ತಿ ನಂಬಿರಲಿಲ್ಲ. ಇಂಥ ಮೆತ್ತಗಿನ ಹುಡುಗ ಹಾಗೆ ಮಾಡಿರ್ತಾನಾ ಅಂತ ಒಂದು ಅನುಮಾನ ಇತ್ತು. ನೀನೇ ಕರೆಸಿ ಅದನ್ನೂ ತೆಗೆದೆ.” ತಂಗಿಯ ಕಡೆ ತಿರುಗಿ, “ಇದನ್ನ ಮಾಸ್ತರರ ಹತ್ರ ಇಸ್ಕೊಂಡು ಎಲ್ಲರಿಗೂ ಕಳಿಸಮ್ಮ” ಎಂದರು.

ಅವರು ಹೊಸ್ತಿಲು ದಾಟುತ್ತಿದ್ದರು. ಮೀಟರಣ್ಣ ಬಾಗಿಲಿಗೆ ಓಡಿ, ಎರಡೂ ಕೈ ಚೌಕಟ್ಟಿಗೆ ಊರಿ ಕಿರುಚಿದ:

“ನಾನು ಅಮ್ಮನ ಮೇಲೆ ಯಾವತ್ತೂ ದನಿ ಎತ್ತಿಲ್ಲ! ಕೇಳ್ತಾ ಇದೆಯಾ? ಯಾವತ್ತೂ ಎತ್ತಿಲ್ಲ!”

ಬೀದಿಯ ಉದ್ದಕ್ಕೂ ಕಿಟಕಿಗಳು ತೆರೆದುಕೊಂಡವು. ಇಪ್ಪತ್ತೆರಡು ವರ್ಷದಿಂದ ಅವನನ್ನು ಬೈದು ಕಳಿಸಿದ್ದ ಮನೆಗಳೆಲ್ಲ ಬೆರಗಾಗಿ ಇಣುಕಿದವು.

ತಂಗಿ ಮೆಟ್ಟಿಲ ಮೇಲೆ ನಿಂತು, ಚಿಕ್ಕಪ್ಪನ ತೋಳು ಹಿಡಿದುಕೊಂಡು, ಮೆಲ್ಲಗೆ ಹೇಳಿದಳು: “ಕೇಳಿದ್ರಾ ಚಿಕ್ಕಪ್ಪ? ಇದೇ ದನಿ.”

“ಹೌದಮ್ಮ,” ಎಂದರು ಚಿಕ್ಕಪ್ಪ. “ಇದೇ.”